ಕರೆನ್ಸಿ ಖಾಲಿ! (ಮೊಬೈಲ್ ಲೆಕ್ಕದ ಮೂವತ್ತು ವರ್ಷ)

ಮೊಬೈಲಿಗೆ ದುಡ್ಡು ಹಾಕಿಸುವುದಕ್ಕೆ ನಮ್ಮ ಕಡೆ ‘ಕರೆನ್ಸಿ ಹಾಕಿಸೋದು’ ಅಂತಾರೆ. ಅಂಗಡಿಯವನಿಗೂ ಅರ್ಥವಾಗುತ್ತದೆ, ಅಜ್ಜಿಗೂ ಅರ್ಥವಾಗುತ್ತದೆ. ಯೋಚಿಸಿದರೆ ಈ ಪದ ಎಷ್ಟು ಸರಿಯಾಗಿದೆ ನೋಡಿ. ನಾವು ಸರ್ಕಾರದ ನೂರು ರೂಪಾಯಿ ನೋಟು ಕೊಟ್ಟು ಕಂಪನಿಯ ನಾಣ್ಯ ಕೊಳ್ಳುತ್ತೇವೆ. ಆ ನಾಣ್ಯ ಎಷ್ಟು ದಿನ ಚಲಾವಣೆಯಲ್ಲಿರಬೇಕು, ಯಾವುದಕ್ಕೆ ಎಷ್ಟು ಕಟ್ ಆಗಬೇಕು, ಎಲ್ಲ ನಿಯಮವೂ ಕಂಪನಿಯದ್ದೇ. ಅರ್ಧ ಮಾತಿನಲ್ಲಿ ಫೋನು ಕಟ್ಟಾದರೆ ‘ಕರೆನ್ಸಿ ಖಾಲಿ ಆಯ್ತು’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅದು ಹೇಗೆ ಖಾಲಿಯಾಯಿತು ಅಂತ ಕೇಳುವವರು ಕಡಿಮೆ.

ಆ ಪ್ರಶ್ನೆಯನ್ನೇ ಹಿಡಿದುಕೊಂಡು ಸ್ವಲ್ಪ ಹಿಂದಕ್ಕೆ ಹೋಗೋಣ ಅಂತ ಈ ಬರಹ. ನಮ್ಮ ದೇಶದಲ್ಲಿ ಮೊಬೈಲ್ ದರ ಇಳಿದ ಕಥೆಯನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದ್ದೇ. ಆದರೆ ಆ ಕಥೆಯ ಜೊತೆಗೇ ಇನ್ನೊಂದು ಕಥೆ ಇದೆ. ಕಣ್ಣಿಗೆ ಕಾಣುವ ದರ ಇಳಿದಾಗಲೆಲ್ಲ ದುಡ್ಡು ಕಟ್ ಆಗುವ ಜಾಗ ಬದಲಾಗಿದೆ. ಒಂದು ಕಾಲದಲ್ಲಿ ಇನ್‌ಕಮಿಂಗ್‌ನಲ್ಲಿ, ಆಮೇಲೆ ಬಾಡಿಗೆಯಲ್ಲಿ, ಆಮೇಲೆ ಪಲ್ಸಿನಲ್ಲಿ, ವ್ಯಾಲಿಡಿಟಿಯಲ್ಲಿ, ಹಲೋ ಟ್ಯೂನಿನಲ್ಲಿ, ಡಾಟಾದಲ್ಲಿ, ಈಗ ಕ್ಯಾಲೆಂಡರಿನಲ್ಲಿ. ಈ ಜಾಗಗಳ ಇತಿಹಾಸ ಗೊತ್ತಿದ್ದವರಿಗೆ ಇವತ್ತಿನ ಬಿಲ್ ಓದುವುದು ಸುಲಭ.

ಶುರುವಾಗಿದ್ದು 1995ರ ಜುಲೈ 31ರಂದು. ಕಲ್ಕತ್ತಾದ ರೈಟರ್ಸ್ ಬಿಲ್ಡಿಂಗಿನಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರಿಗೆ ಫೋನು ಮಾಡಿದರು. ಮೋದಿ ಟೆಲ್‌ಸ್ಟ್ರಾ ಕಂಪನಿಯ ಜಾಲ, ನೋಕಿಯಾ ಫೋನು. ಆಗ ಮಹಾನಗರಗಳಲ್ಲಿ ಗರಿಷ್ಠ ದರ ನಿಮಿಷಕ್ಕೆ 8 ರೂಪಾಯಿ 40 ಪೈಸೆ, ಪೀಕ್ ಅವರ್‌ನಲ್ಲಿ ಅದರ ಎರಡು ಪಟ್ಟು, ಅಂದರೆ 16 ರೂಪಾಯಿ 80 ಪೈಸೆ. ತಿಂಗಳ ಬಾಡಿಗೆ 156 ರೂಪಾಯಿ. ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇತ್ತು. ಫೋನು ಮಾಡಿದವನಿಗೆ ಮಾತ್ರವಲ್ಲ, ಎತ್ತಿದವನಿಗೂ ದುಡ್ಡು ಬೀಳುತ್ತಿತ್ತು! ಯಾರೋ ರಾಂಗ್ ನಂಬರ್ ಹೊಡೆದರೂ ನಮ್ಮ ಬಿಲ್ಲಿಗೆ. ಹಾಗಾಗಿ ಮೊಬೈಲ್ ಇದ್ದವರೂ ನಂಬರನ್ನು ಎಲ್ಲರಿಗೂ ಕೊಡುತ್ತಿರಲಿಲ್ಲ. ಸ್ಕ್ರೀನಿನ ಮೇಲೆ ಬಂದ ನಂಬರ್ ನೋಡಿ, ಕಟ್ ಮಾಡಿ, ಪಕ್ಕದ ಎಸ್ಟಿಡಿ ಬೂತಿನಿಂದ ವಾಪಸ್ ಮಾಡುತ್ತಿದ್ದವರನ್ನು ಬೆಂಗಳೂರಿನಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ರಾಜ್ಯಕ್ಕೆ ಮೊದಲು ಬಂದ ಖಾಸಗಿ ಹೆಸರುಗಳು ಎರಡು, ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. ‘ಜೆಟಿಎಂ’ ಅಂದರೆ ಈಗಿನ ಹುಡುಗರಿಗೆ ಗೊತ್ತಾಗಲಿಕ್ಕಿಲ್ಲ. 1999ರಲ್ಲಿ ಅದನ್ನು ಭಾರ್ತಿ ಕೊಂಡುಕೊಂಡಿತು, ಏರ್‌ಟೆಲ್ ನಮ್ಮಲ್ಲಿ ಬೇರು ಬಿಟ್ಟಿದ್ದು ಹಾಗೆ. ಸ್ಪೈಸ್ ಇನ್ನೂ ಒಂದಷ್ಟು ವರ್ಷ ಬಾಳಿ 2008ರಲ್ಲಿ ಐಡಿಯಾದ ಕೈಗೆ ಹೋಯಿತು. ಆ ದಿನಗಳಲ್ಲಿ ದರ ಯಾಕೆ ಅಷ್ಟು ಜಾಸ್ತಿ ಅಂದರೆ, ಕಂಪನಿಗಳು ಹರಾಜಿನಲ್ಲಿ ಪೈಪೋಟಿ ಮೇಲೆ ಕೂಗಿ, ವರ್ಷ ವರ್ಷ ಸರ್ಕಾರಕ್ಕೆ ಭಾರೀ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿತ್ತು. ಗಿರಾಕಿಗಳೇ ಕಡಿಮೆ, ಕಟ್ಟುವುದೆಲ್ಲಿಂದ? ಕಟ್ಟಲಾಗದೆ ಒದ್ದಾಡುತ್ತಿದ್ದಾಗ 1999ರ ಹೊಸ ಟೆಲಿಕಾಂ ನೀತಿ ಬಂತು. ‘ನಿಗದಿ ಶುಲ್ಕ ಬೇಡ, ಬಂದ ಆದಾಯದಲ್ಲಿ ಪಾಲು ಕೊಡಿ’ ಅಂದಿತು. ದರ ಇಳಿಯಲು ದಾರಿಯಾಗಿದ್ದು ಅಲ್ಲಿಂದ.

ಅದೇ ವರ್ಷದ ಮಾರ್ಚಿನಲ್ಲಿ ಟ್ರಾಯ್ (1997ರಲ್ಲಿ ಹುಟ್ಟಿದ ನಿಯಂತ್ರಣ ಪ್ರಾಧಿಕಾರ) ತನ್ನ ದರಪಟ್ಟಿಯ ಆದೇಶ ಹೊರಡಿಸಿತು. ನಿಮಿಷದ ಗರಿಷ್ಠ ದರ 6 ರೂಪಾಯಿಗೆ ಇಳಿಯಿತು. ಜನ ಖುಷಿಪಟ್ಟರು. ಆದರೆ ತಿಂಗಳ ಬಾಡಿಗೆಯ ಮಿತಿ 156ರಿಂದ 600ಕ್ಕೆ ಏರಿತ್ತು! ಹೆಚ್ಚು ಮಾತಾಡುವವನಿಗೆ ಲಾಭ, ತುರ್ತಿಗೆ ಅಂತ ಫೋನು ಇಟ್ಟುಕೊಂಡವನಿಗೆ ನಷ್ಟ. ಲೆಕ್ಕ ಒಂದು ಜಾಗದಿಂದ ಇನ್ನೊಂದಕ್ಕೆ ಹಾರಿದ್ದು ನಾನು ಗುರುತಿಸಿದ ಹಾಗೆ ಇದೇ ಮೊದಲು.

ಇನ್ನು ಇನ್‌ಕಮಿಂಗ್ ಫ್ರೀ ಆದ ಕಥೆ. ‘ಕರೆ ಮಾಡಿದವನೇ ದುಡ್ಡು ಕೊಡಲಿ’ ಅನ್ನುವ ಪದ್ಧತಿ ತರಲು ಟ್ರಾಯ್ 1999ರಲ್ಲೇ ಹೊರಟಿತ್ತು. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವ ಕರೆ ದುಬಾರಿಯಾಗುತ್ತದೆ ಅಂತ ವಿರೋಧ ಬಂತು. 2000ದಲ್ಲಿ ದೆಹಲಿ ಹೈಕೋರ್ಟು ಆದೇಶವನ್ನು ರದ್ದು ಮಾಡಿತು. ಕೊನೆಗೆ 2003ರ ಮೇ 1ರಿಂದ ಅದು ಜಾರಿಯಾಯಿತು. ಒಂದು ಕಂಪನಿಯ ಗಿರಾಕಿ ಇನ್ನೊಂದು ಕಂಪನಿಯ ಗಿರಾಕಿಗೆ ಫೋನು ಮಾಡಿದರೆ, ಮೊದಲನೇ ಕಂಪನಿ ಎರಡನೆಯದಕ್ಕೆ ನಿಮಿಷಕ್ಕೆ ಇಂತಿಷ್ಟು ಪೈಸೆ ಅಂತ ಕೊಡಬೇಕು. ಐಯುಸಿ ಅನ್ನುವ ಮೂರಕ್ಷರ ಇದೇ. ಎತ್ತಿದವನ ಜೇಬಿನಿಂದ ಬರುತ್ತಿದ್ದ ದುಡ್ಡು ಮಾಡಿದವನ ಕಡೆಯಿಂದ ಬರತೊಡಗಿತು. ಮೊಬೈಲ್ ಹಳ್ಳಿಗೆ ಕಾಲಿಟ್ಟಿದ್ದರ ಹಿಂದೆ ಹ್ಯಾಂಡ್‌ಸೆಟ್ ಅಗ್ಗವಾಗಿದ್ದಕ್ಕಿಂತ ಈ ಒಂದು ನಿಯಮವೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಇಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ ಅಂದ ಮೇಲೆ ಯಾರು ಬೇಡ ಅಂತಾರೆ?

(ಅಮೆರಿಕದಲ್ಲಿರುವ ಗೆಳೆಯರು ಇಲ್ಲಿ ನಗಬಹುದು. ಅಲ್ಲಿ ಎತ್ತಿದವನಿಗೂ ನಿಮಿಷ ಲೆಕ್ಕವಾಗುವ ಪದ್ಧತಿ ಬಹಳ ಕಾಲ ನಡೆಯಿತು. ತಿಂಗಳಿಗೆ ಇಷ್ಟು ನಿಮಿಷ ಅಂತ ಕೊಂಡು, ರಾತ್ರಿ ಮತ್ತು ವಾರಾಂತ್ಯ ಫ್ರೀ ಇರುವುದರಿಂದ ‘ಒಂಬತ್ತರ ಮೇಲೆ ಮಾಡು ಮಾರಾಯ’ ಅನ್ನುತ್ತಿದ್ದವರು ನಮ್ಮಲ್ಲೇ ಎಷ್ಟೋ ಜನ. ಮಿತಿ ದಾಟಿ ನೂರಾರು ಡಾಲರ್ ಬಿಲ್ ಬರುವುದಕ್ಕೆ ಅಲ್ಲಿ ‘ಬಿಲ್ ಶಾಕ್’ ಅಂತಲೇ ಹೆಸರು ಬಿತ್ತು. 2011ರಲ್ಲಿ ಅಲ್ಲಿನ ನಿಯಂತ್ರಕರು ಮತ್ತು ಕಂಪನಿಗಳ ಸಂಘದ ನಡುವೆ ಒಪ್ಪಂದವಾಗಿ, ಮಿತಿಯ ಹತ್ತಿರ ಬಂದಾಗ ಎಚ್ಚರಿಕೆಯ ಮೆಸೇಜು ಕಳಿಸುವುದಕ್ಕೆ ಕಂಪನಿಗಳು ಒಪ್ಪಿಕೊಂಡವು.)

ಮಾಡಿದವನೇ ದುಡ್ಡು ಕೊಡಬೇಕು ಅಂತಾದಾಗ ನಮ್ಮ ಜನ ಅದಕ್ಕೆ ಕೊಟ್ಟ ಉತ್ತರವೇ ಮಿಸ್ ಕಾಲ್! ಒಂದು ರಿಂಗ್ ಆದರೆ ‘ಬಸ್ ಹತ್ತಿದೆ’, ಎರಡಾದರೆ ‘ತಲುಪಿದೆ’. ಮೇಷ್ಟ್ರಿಗೆ ಮಿಸ್ ಕಾಲ್, ಹಾಲಿನವನಿಗೆ ಮಿಸ್ ಕಾಲ್, ಪ್ರೇಮಿಗಳಿಗಂತೂ ಬಿಡಿ. ಸಂಬಳ ಇರುವವರು ವಾಪಸ್ ಮಾಡಬೇಕು, ಇಲ್ಲದವರು ಮಿಸ್ ಕಾಲ್ ಕೊಡಬೇಕು ಅನ್ನುವ ಅಲಿಖಿತ ಕಾನೂನು ನಮ್ಮ ಮನೆಗಳಲ್ಲಿ ಇತ್ತು.

ನಂತರ ಬಂದಿದ್ದು ವ್ಯಾಲಿಡಿಟಿ. ಕಾರ್ಡಿನಲ್ಲಿ ಇನ್ನೂ ನಲವತ್ತು ರೂಪಾಯಿ ಇದೆ, ಆದರೆ ದಿನ ಮುಗಿದಿದೆ, ಫೋನು ಹೋಗುವುದಿಲ್ಲ. 2005ರ ಕೊನೆಗೆ ‘ಲೈಫ್ ಟೈಮ್’ ಬಂತು. ಏರ್‌ಟೆಲ್‌ನದು 999 ರೂಪಾಯಿ. ಒಮ್ಮೆ ಕಟ್ಟಿದರೆ ಜೀವನಪೂರ್ತಿ ಇನ್‌ಕಮಿಂಗ್ ಅಂತ ಜಾಹೀರಾತು. ಯಾರ ಜೀವನ? ಟ್ರಾಯ್ ಬಿಡಿಸಿ ಹೇಳಿದ್ದು: ಕಂಪನಿಯ ಲೈಸೆನ್ಸ್ ಇರುವಷ್ಟು ಕಾಲ. ನಮ್ಮ ಆಯುಸ್ಸಲ್ಲ, ಲೈಸೆನ್ಸಿನ ಆಯುಸ್ಸು :-) ಜೊತೆಗೆ ಆಗಾಗ ಇಂತಿಷ್ಟು ರೀಚಾರ್ಜ್ ಮಾಡಿಸುತ್ತಿರಬೇಕು ಅನ್ನುವ ಷರತ್ತು ಸಣ್ಣಕ್ಷರದಲ್ಲಿ. ಹೊರಗೆ ಹೋಗುವ ಕರೆಯ ದರವೂ ಉಳಿದ ಪ್ಲಾನುಗಳಿಗಿಂತ ಹೆಚ್ಚು. ಆದರೂ ಆ ಯೋಜನೆ ಕೂಲಿ ಮಾಡುವವರ ಕೈಗೂ ಒಂದು ನಂಬರ್ ಕೊಟ್ಟಿತು ಅನ್ನುವುದನ್ನು ಮರೆಯಬಾರದು.

2006ರ ಮಾರ್ಚ್ 1ರಂದು ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್‌ಗಳ ‘ಒನ್ ಇಂಡಿಯಾ’ ಪ್ಲಾನ್ ಬಂತು. ದೇಶದಲ್ಲಿ ಎಲ್ಲಿಗೆ ಮಾಡಿದರೂ ನಿಮಿಷಕ್ಕೆ ಒಂದು ರೂಪಾಯಿ. ಎಸ್ಟಿಡಿ ಅನ್ನುವ ಪದಕ್ಕೇ ಅಲ್ಲಿ ವಯಸ್ಸಾಯಿತು. ಆದರೆ ‘ನಿಮಿಷಕ್ಕೆ’ ಅನ್ನುವ ಪದದೊಳಗೆ ಪಲ್ಸ್ ಕೂತಿತ್ತು. 60 ಸೆಕೆಂಡಿನ ಪಲ್ಸ್ ಅಂದರೆ 61 ಸೆಕೆಂಡ್ ಮಾತಾಡಿದರೂ ಎರಡು ನಿಮಿಷದ ದುಡ್ಡು. 20 ಸೆಕೆಂಡಿನ ಹತ್ತು ಕರೆ ಮಾಡಿದರೆ ಮಾತಾಡಿದ್ದು ಮೂರೂ ಚಿಲ್ಲರೆ ನಿಮಿಷ, ಕಟ್ ಆಗಿದ್ದು ಹತ್ತು ರೂಪಾಯಿ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಅಂತ ಬಂದಾಗ ಅದೇ ಹತ್ತು ಕರೆ ಎರಡು ರೂಪಾಯಿಗೆ ಮುಗಿಯಿತು. ಗಮನಿಸಿ, ನಿಮಿಷದ ದರ 60 ಪೈಸೆ ಅಂತ ಅವರು ಹೇಳಲಿಲ್ಲ, ಅಳತೆಯ ಕೊಳಗವನ್ನೇ ಬದಲಾಯಿಸಿದರು. ಕೆಲವೇ ತಿಂಗಳಲ್ಲಿ ಉಳಿದವರೂ ಅದೇ ಕೊಳಗ ಹಿಡಿದರು.

ಮಾತಿನಲ್ಲಿ ಲಾಭ ಕಡಿಮೆಯಾದಾಗ ಕಂಪನಿಗಳು ಬೇರೆ ಕಡೆ ನೋಡಿದವು. ಎಸ್ಸೆಮ್ಮೆಸ್ ಪ್ಯಾಕ್ ಹಾಕಿಸಿಕೊಂಡವರಿಗೆ ದೀಪಾವಳಿ, ಹೊಸ ವರ್ಷದ ದಿನ ಪ್ಯಾಕ್ ನಡೆಯುತ್ತಿರಲಿಲ್ಲ, ಪೂರ್ತಿ ದರ ಬೀಳುತ್ತಿತ್ತು. ಅವಕ್ಕೆ ‘ಬ್ಲ್ಯಾಕ್ ಔಟ್ ಡೇ’ ಅಂತ ಹೆಸರು. ಹಬ್ಬದ ದಿನವೇ ಕತ್ತಲೆ! ವರ್ಷಕ್ಕೆ ಐದು ದಿನಕ್ಕಿಂತ ಹೆಚ್ಚು ಹಾಗೆ ಮಾಡಬಾರದು ಅಂತ 2008ರಲ್ಲಿ ಟ್ರಾಯ್ ಕಟ್ಟುಪಾಡು ಹಾಕಿತು.

ಇನ್ನೊಂದು ಹಲೋ ಟ್ಯೂನು. 2006ರ ಕೊನೆಗೆ ‘ಮುಂಗಾರು ಮಳೆ’ ಬಂದ ಮೇಲೆ ಯಾರಿಗೆ ಫೋನು ಮಾಡಿದರೂ ಮಳೆಯೇ ಮಳೆ. ತಾವೇ ಕೇಳಿ ಹಾಕಿಸಿಕೊಂಡವರ ಬಗ್ಗೆ ನನ್ನ ತಕರಾರಿಲ್ಲ. ಕೇಳದೆ ಬಂದು ಕೂತವುಗಳ ಬಗ್ಗೆ ಇದೆ. ಊರಿನಲ್ಲಿ ನಮ್ಮ ಚಿಕ್ಕಮ್ಮನ ಫೋನಿಗೆ ದಿನಾ ಬೆಳಿಗ್ಗೆ ಇಂಗ್ಲಿಷಿನಲ್ಲಿ ರಾಶಿಭವಿಷ್ಯ ಬರುತ್ತಿತ್ತು. ಚಿಕ್ಕಮ್ಮನಿಗೆ ಇಂಗ್ಲಿಷ್ ಬಾರದು. ‘ನೋಡೋ ಮಗಾ, ನಾನು ಯಾರಿಗೂ ಫೋನ್ ಮಾಡಿಲ್ಲ, ಹಾಕಿಸಿದ ಕರೆನ್ಸಿ ತಾನಾಗೇ ಕರಗತ್ತಲ್ಲೋ’ ಅಂದಳು. ನೋಡಿದರೆ ದಿನಕ್ಕೊಂದು ರೂಪಾಯಿ ಕಟ್. ತಿಂಗಳಿಗೆ ಮೂವತ್ತು. ಅವಳು ಹಾಕಿಸುತ್ತಿದ್ದದ್ದೇ ಐವತ್ತು! ನಿಲ್ಲಿಸುವುದಕ್ಕೆ ಮೂರು ಸಲ ಕಸ್ಟಮರ್ ಕೇರಿಗೆ ಫೋನು ಮಾಡಬೇಕಾಯಿತು. ಅವಳೊಬ್ಬಳ ಕಥೆಯಲ್ಲ ಇದು. ದೂರುಗಳು ಹೆಚ್ಚಿ, 2011ರಲ್ಲೂ 2013ರಲ್ಲೂ ಟ್ರಾಯ್ ಆದೇಶ ಹೊರಡಿಸಿತು. ಗಿರಾಕಿ ಎರಡು ಸಲ ಖಚಿತಪಡಿಸದೆ ಇಂಥ ಸೇವೆ ಶುರು ಮಾಡುವ ಹಾಗಿಲ್ಲ, ನಿಲ್ಲಿಸುವುದಕ್ಕೆ 155223 ಅನ್ನುವ ಒಂದೇ ನಂಬರ್ ಇರಬೇಕು ಅಂತಾಯಿತು.

2012ರ ಗ್ರಾಹಕ ರಕ್ಷಣಾ ನಿಯಮಗಳನ್ನು ನಾನು ಈ ಇಡೀ ಇತಿಹಾಸದ ಒಳ್ಳೆಯ ಅಧ್ಯಾಯ ಅಂತ ಕರೆಯುತ್ತೇನೆ. ಪ್ಲಾನ್ ವೋಚರಿಗೆ ಕೆಂಪು ಪಟ್ಟಿ, ಟಾಪ್ ಅಪ್‌ಗೆ ಹಸಿರು, ಸ್ಪೆಷಲ್ ವೋಚರಿಗೆ ಹಳದಿ. ಓದಲು ಬಾರದವರೂ ಬಣ್ಣ ನೋಡಿ ಕೊಳ್ಳಬಹುದು ಅನ್ನುವ ಆಲೋಚನೆ. ಪ್ರತಿ ಕರೆ ಮುಗಿದ ಮೇಲೆ ಎಷ್ಟು ಕಟ್ ಆಯಿತು, ಎಷ್ಟು ಉಳಿಯಿತು ಅಂತ ಸ್ಕ್ರೀನಿನ ಮೇಲೆ ಬರುವ ಮೆಸೇಜು ಕಡ್ಡಾಯವಾಗಿದ್ದೂ ಆಗಲೇ. ಪ್ರೀಪೇಯ್ಡ್‌ನವರೂ 50 ರೂಪಾಯಿ ಮೀರದ ಶುಲ್ಕ ಕೊಟ್ಟು ಐಟಂವಾರು ಲೆಕ್ಕ ಕೇಳಬಹುದು ಅನ್ನುವ ಹಕ್ಕೂ ಅದರಲ್ಲಿತ್ತು. ಈ ಹಕ್ಕಿನ ಬಗ್ಗೆ ಅಂಗಡಿಯವರಿಗೇ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಅಷ್ಟೊತ್ತಿಗೆ ಲೆಕ್ಕ ಡಾಟಾಕ್ಕೆ ಹಾರಿಯಾಗಿತ್ತು. ಪ್ಯಾಕ್ ಇಲ್ಲದವರಿಗೆ 10 ಕೆಬಿಗೆ 10 ಪೈಸೆ ಅನ್ನುವ ದರ ಬಹಳ ಕಡೆ ಇತ್ತು. ಕೇಳಲು ಎಷ್ಟು ಸಣ್ಣದು! ಆದರೆ ಮೂರು ಎಂಬಿಯ ಒಂದು ಹಾಡು ಇಳಿಸಿದರೆ ಮೂವತ್ತು ರೂಪಾಯಿ ಹೋಯಿತು. ಫೋನಿನ ಬಟನ್ ತಪ್ಪಿ ಒತ್ತಿದರೂ ಇಂಟರ್ನೆಟ್ ತೆರೆದುಕೊಂಡು ಕಟ್ ಆಗುತ್ತಿತ್ತು. ಕೊನೆಗೆ 2015ರಲ್ಲಿ, ಗಿರಾಕಿ ಸ್ಪಷ್ಟವಾಗಿ ಒಪ್ಪಿದರೆ ಮಾತ್ರ ಡಾಟಾ, 1925 ನಂಬರಿಗೆ ಮೆಸೇಜು ಕಳಿಸಿ ನಿಲ್ಲಿಸಬಹುದು ಅನ್ನುವ ನಿಯಮ ಬಂತು.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲಿನದ್ದು ನಿಮಗೆಲ್ಲ ಗೊತ್ತು. ಮಾತು ಫ್ರೀ, ಡಾಟಾಕ್ಕೆ ಮಾತ್ರ ದುಡ್ಡು. ಆದರೆ ಐಯುಸಿ ಇನ್ನೂ ಸತ್ತಿರಲಿಲ್ಲ, 2017ರಲ್ಲಿ 14 ಪೈಸೆಯಿಂದ 6 ಪೈಸೆಗೆ ಇಳಿದಿತ್ತು ಅಷ್ಟೆ. ಇಲ್ಲಿ ಒಂದು ತಮಾಷೆಯ ಪ್ರಸಂಗ. ಕರೆ ಯಾರ ಜಾಲದಿಂದ ಹೊರಡುತ್ತದೋ ಅವರು 6 ಪೈಸೆ ಕೊಡಬೇಕಲ್ಲ? 2019ರಲ್ಲಿ ಕಂಪನಿಗಳು ರಿಂಗ್ ಆಗುವ ಸಮಯವನ್ನೇ ಕತ್ತರಿಸತೊಡಗಿದವು. ನಲವತ್ತೈದು ಸೆಕೆಂಡ್ ಹೋಗಿ ಇಪ್ಪತ್ತೈದಾಯಿತು. ಫೋನು ಎತ್ತುವಷ್ಟರಲ್ಲಿ ಕಟ್, ಅದು ಮಿಸ್ ಕಾಲ್, ಆ ಕಡೆಯವನು ವಾಪಸ್ ಮಾಡುತ್ತಾನೆ, 6 ಪೈಸೆ ಆ ಕಡೆಯ ಕಂಪನಿಯ ತಲೆಗೆ! ನಮ್ಮ ಹಳ್ಳಿಯ ಬಡವರ ಉಪಾಯವನ್ನು ಲಕ್ಷ ಕೋಟಿಯ ಕಂಪನಿಗಳು ಕಲಿತಿದ್ದವು. ಮೊಬೈಲಿಗೆ 30 ಸೆಕೆಂಡ್, ಲ್ಯಾಂಡ್‌ಲೈನಿಗೆ 60 ಸೆಕೆಂಡ್ ರಿಂಗ್ ಆಗಲೇಬೇಕು ಅಂತ ಆ ನವೆಂಬರಿನಲ್ಲಿ ಟ್ರಾಯ್ ಆದೇಶಿಸಿತು. ಐಯುಸಿ ಪೂರ್ತಿ ಸೊನ್ನೆಯಾಗಿದ್ದು 2021ರ ಜನವರಿ 1ಕ್ಕೆ.

ಈಗ ನಾನು ಹೇಳಬೇಕು ಅಂದುಕೊಂಡ ಮುಖ್ಯ ವಿಷಯಕ್ಕೆ ಬರುತ್ತೇನೆ. ಇನ್‌ಕಮಿಂಗ್ ಫ್ರೀ ಅಂತ 2003ರಲ್ಲಿ ಸಿಕ್ಕಿದ್ದು ಸದ್ದಿಲ್ಲದೆ ಕೈಜಾರಿದೆ. 2018ರ ಕೊನೆಯಲ್ಲಿ ಹಳೆಯ ಕಂಪನಿಗಳು ‘28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಸೇವೆ ನಿಲ್ಲುತ್ತದೆ’ ಅಂದವು. ಖಾತೆಯಲ್ಲಿ ಸಾಕಷ್ಟು ಹಣ ಇರುವವರನ್ನು ಹಾಗೆ ನಿಲ್ಲಿಸಬೇಡಿ ಅಂತ ಟ್ರಾಯ್ ಎಚ್ಚರಿಸಿತು. ಆದರೂ ಕನಿಷ್ಠ ರೀಚಾರ್ಜ್ ಅನ್ನುವ ಪದ್ಧತಿ ಉಳಿಯಿತು, ಏರಿತು. 2024ರ ಜುಲೈನಲ್ಲಿ ಏರ್‌ಟೆಲ್‌ನ 28 ದಿನದ ಆರಂಭಿಕ ಪ್ಲಾನ್ 199 ರೂಪಾಯಿ ಆಯಿತು. ಮಕ್ಕಳ ಫೋನು ಬಂದರೆ ಎತ್ತುವುದು ಬಿಟ್ಟು ಬೇರೇನೂ ಮಾಡದ ನಮ್ಮ ಚಿಕ್ಕಮ್ಮನಂಥವರು ಬೇಡದ ಡಾಟಾ ಸೇರಿಸಿ ಕೊಳ್ಳಬೇಕಾಯಿತು. ಎತ್ತುವುದಕ್ಕೂ ದುಡ್ಡು ಅಂದರೆ 1995ಕ್ಕೆ ಬೇರೆ ದಾರಿಯಿಂದ ವಾಪಸ್ ಬಂದ ಹಾಗೆ ಅಲ್ಲವೇ? ನಿಮಿಷದ ಲೆಕ್ಕ ಹೋಗಿ ತಿಂಗಳ ಲೆಕ್ಕ ಬಂದಿದೆ, ಅಷ್ಟೆ.

ತಿಂಗಳು ಅಂದೆ, ಅದೂ ಪೂರ್ತಿ ತಿಂಗಳಲ್ಲ. 28 ದಿನದ ಪ್ಲಾನನ್ನು ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕು. 300 ರೂಪಾಯಿಯದ್ದಾದರೆ 3600 ಅಲ್ಲ, 3900. ಕನಿಷ್ಠ ಒಂದು 30 ದಿನದ ಪ್ಲಾನು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಒಂದು ಪ್ಲಾನು ಇರಲೇಬೇಕು ಅಂತ ಟ್ರಾಯ್ 2022ರ ಜನವರಿಯಲ್ಲಿ ಹೇಳಿತು. 2024ರ ಡಿಸೆಂಬರಿನಲ್ಲಿ ಇನ್ನೊಂದು ಆದೇಶ ಬಂತು. ಡಾಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಲಾನು ಕೊಡಲೇಬೇಕು, ಅಂಥ ವೋಚರ್ 365 ದಿನದವರೆಗೂ ಇರಬಹುದು ಅಂತ. 2025ರ ಜನವರಿಯಲ್ಲಿ ಅವು ಬಂದವು ಕೂಡ. ಆದರೆ ಅಂಗಡಿಯಲ್ಲಿ ‘ರೀಚಾರ್ಜ್ ಮಾಡಿ’ ಅಂದರೆ ಅದನ್ನು ತಾವಾಗಿ ಹೇಳುವವರು ಕಡಿಮೆ. ಹೆಸರು ಹಿಡಿದು ಕೇಳಬೇಕು. ಚಿಕ್ಕಮ್ಮನಿಗೆ ಹಾಗೆ ಕೇಳಿಯೇ ಹಾಕಿಸಿದ್ದೇನೆ.

ಇಷ್ಟೆಲ್ಲ ಓದಿದ ಮೇಲೆ ನಿಮ್ಮ ಬಿಲ್ಲನ್ನೋ ಪ್ಲಾನನ್ನೋ ಎದುರಿಗಿಟ್ಟುಕೊಂಡು ಐದು ಪ್ರಶ್ನೆ ಕೇಳಿ.

1. ವರ್ಷಕ್ಕೆ ಎಷ್ಟು? ದಿನಗಳಿಂದ ಭಾಗಿಸಿ ನೋಡಿ. 28, 56, 84 ಇವೆಲ್ಲ ತಿಂಗಳುಗಳಲ್ಲ.

2. ತೆರಿಗೆ ಸೇರಿದೆಯಾ? ಪ್ರೀಪೇಯ್ಡ್ ಬೆಲೆಯಲ್ಲಿ ಜಿಎಸ್‌ಟಿ ಒಳಗೇ ಇರುತ್ತದೆ. ಪೋಸ್ಟ್‌ಪೇಯ್ಡ್‌ನಲ್ಲಿ ಹೊರಗಿರುತ್ತದೆ. 399ರ ಪ್ಲಾನಿಗೆ ಶೇಕಡ 18 ಸೇರಿದರೆ 470 ರೂಪಾಯಿ 82 ಪೈಸೆ.

3. ಯಾವುದು ಪ್ಲಾನಿನ ಹೊರಗೆ? ವಿದೇಶದ ಕರೆ, ವಿದೇಶದಲ್ಲಿ ರೋಮಿಂಗ್, ಮಾಮೂಲಿ ಅಲ್ಲದ ಸಣ್ಣ ನಂಬರುಗಳಿಗೆ ಕಳಿಸುವ ಎಸ್ಸೆಮ್ಮೆಸ್. ದೊಡ್ಡ ಬಿಲ್ ಬರುವುದು ಇಲ್ಲಿಂದಲೇ. ವಿಮಾನ ಹತ್ತುವ ಮೊದಲು ಡಾಟಾ ರೋಮಿಂಗ್ ಆಫ್ ಮಾಡಿ, ಬೇಕಾದರೆ ಪ್ಯಾಕ್ ಹಾಕಿಸಿ.

4. ನಾನು ಕೇಳದ ಸೇವೆ ಯಾವುದಾದರೂ ಕೂತಿದೆಯಾ? ಮನೆಯ ಹಿರಿಯರ ಫೋನನ್ನು ತಿಂಗಳಿಗೊಮ್ಮೆ ನೋಡಿ.

5. ತಪ್ಪಾಗಿ ಕಟ್ ಆಗಿದ್ದರೆ? 198ಕ್ಕೆ ಫೋನು ಮಾಡಿ ದೂರು ಕೊಡಿ, ಡಾಕೆಟ್ ನಂಬರ್ ತಪ್ಪದೆ ಬರೆದುಕೊಳ್ಳಿ. ಪರಿಹಾರ ಸಮಾಧಾನವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ನಂಬರ್ ಬರೆದಿಟ್ಟುಕೊಂಡವರ ಮಾತಿಗೆ ಬೆಲೆ ಜಾಸ್ತಿ, ಇದು ಅನುಭವದ ಮಾತು.

ಮೂವತ್ತು ವರ್ಷದಲ್ಲಿ ನಮಗೆ ಸಿಕ್ಕ ಅನುಕೂಲಗಳಲ್ಲಿ ಎಷ್ಟೋ ಯಾರೋ ಲೆಕ್ಕ ಕೇಳಿದ್ದರಿಂದ, ದೂರು ಕೊಟ್ಟಿದ್ದರಿಂದ ಸಿಕ್ಕಿದ್ದು. ಅಂಥವರ ಹೆಸರು ಎಲ್ಲೂ ಇಲ್ಲ. ನಿಮ್ಮ ಮನೆಯಲ್ಲೂ ಒಬ್ಬರು ಇದ್ದಿರಬಹುದು, ಬಿಲ್ ಹಿಡಿದುಕೊಂಡು ಆಫೀಸಿಗೆ ಹೋಗಿ ‘ಇದು ಯಾಕೆ ಸ್ವಾಮಿ?’ ಅಂತ ಕೇಳಿದವರು. ಇದ್ದರೆ ಅವರ ಕಥೆ ಬರೆಯಿರಿ, ಓದೋಣ.